ಫೋಮ್ ಬೆಡ್ ರೈಲ್: ಮಗು ಬೀಳಲಿಲ್ಲ, ಸಿಕ್ಕಿಹಾಕಿಕೊಂಡಿತು

ಎರಡು ವರ್ಷ ತುಂಬದ ಮಗು ಮನೆಯಲ್ಲಿದೆಯೇ? ಮಂಚದಿಂದ ಬೀಳದಿರಲಿ ಎಂದು ಫೋಮ್ ತಡೆ ತರಿಸುವ ಯೋಚನೆ ಇದೆಯೇ? ಹಾಗಾದರೆ ಆರ್ಡರ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ. ಬೆಡ್ ರೈಲ್, ಬೆಡ್ ಬಂಪರ್, ಬೇಬಿ ಗಾರ್ಡ್ ಅಂತ ನಾನಾ ಹೆಸರಲ್ಲಿ ಮಾರುತ್ತಾರೆ. ಒಳಗಿರುವುದು ನಾಲ್ಕೈದು ಅಡಿ ಉದ್ದದ, ಗೇಣಿಗಿಂತ ಗಿಡ್ಡನೆಯ ಫೋಮ್ ದಿಂಡು, ಅಷ್ಟೇ. ಹಾಸಿಗೆಯ ಅಂಚಿಗಿಟ್ಟು ಮೇಲೆ ಬೆಡ್‌ಶೀಟ್ ಹಾಸಿದರೆ ಅಲ್ಲೊಂದು ದಿಬ್ಬ ಏಳುತ್ತದೆ, ಮಗು ಉರುಳಿ ಬಂದರೂ ಅದಕ್ಕೆ ತಾಗಿ ವಾಪಸ್ ಹೋಗುತ್ತದೆ ಎಂಬುದು ಲೆಕ್ಕ. ನಮ್ಮ ಮನೆಯಲ್ಲಿ ಅದು ಮಗಳನ್ನು ಬೀಳಲು ಬಿಡಲಿಲ್ಲ, ನಿಜ. ಉಸಿರಾಡಲೂ ಬಿಡಲಿಲ್ಲ.

ಮಗಳಿಗೆ ಆಗ 13 ತಿಂಗಳು. ರಾತ್ರಿ ತಲೆ ಒಂದು ದಿಕ್ಕಿಗಿದ್ದರೆ ಬೆಳಗಾಗುವಷ್ಟರಲ್ಲಿ ಮಂಚವನ್ನೆಲ್ಲ ಒಂದು ಸುತ್ತು ಹಾಕಿರುತ್ತಿದ್ದಳು. ನಮ್ಮದು ಅಡಿಯಲ್ಲಿ ಸ್ಟೋರೇಜ್ ಬಾಕ್ಸ್ ಇರುವ ಡಬಲ್ ಕಾಟ್, ಮೇಲೆ 6 ಇಂಚಿನ ತೆಂಗಿನನಾರಿನ ಹಾಸಿಗೆ. ನೆಲದಿಂದ ಹಾಸಿಗೆಯ ಮೇಲಕ್ಕೆ ಹತ್ತಿರಹತ್ತಿರ 2 ಅಡಿ, ಕೆಳಗೆ ಬರೀ ಟೈಲ್ಸ್. ರಾತ್ರಿ ನಾವಿಬ್ಬರೂ ಅಕ್ಕಪಕ್ಕ ಇರುತ್ತಿದ್ದೆವು, ಚಿಂತೆ ಇರಲಿಲ್ಲ. ತೊಂದರೆ ಇದ್ದದ್ದು ಮಧ್ಯಾಹ್ನದ ನಿದ್ದೆ ಮತ್ತು ಸಂಜೆ ಅವಳು ಮಲಗಿದ ಮೇಲೆ ನಾವು ಮಲಗುವವರೆಗಿನ ಹೊತ್ತು. ನಮ್ಮತ್ತೆ ಸುತ್ತಲೂ ದಿಂಬು ಒಟ್ಟಿ, ಹೊರಗಡೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಒತ್ತಿಡುತ್ತಿದ್ದರು. ಫೋಮ್ ಬಂದ ದಿನ ಅವರು ಅದನ್ನು ಒತ್ತಿ ನೋಡಿ, “ಇದಕ್ಕೆ ಇಷ್ಟು ದುಡ್ಡು ಕೊಟ್ರೇನಮ್ಮ? ಇದೂ ದಿಂಬೇ ಅಲ್ವಾ?” ಅಂದಿದ್ದರು.

ಮಾರುವವರ ಪುಟದಲ್ಲಿ ‘6 ತಿಂಗಳಿನಿಂದ’ ಎಂದು ದಪ್ಪಕ್ಷರದಲ್ಲಿತ್ತು. ಫೋಟೊದಲ್ಲಿ ಬೆರಳು ಚೀಪುತ್ತ ಮಲಗಿದ್ದ ಕೂಸಿಗೆ ಹಲ್ಲೇ ಬಂದಂತಿರಲಿಲ್ಲ. ಗಾಳಿ ತೆಗೆದು ಚಪ್ಪಟೆ ಮಾಡಿ ಕಳಿಸಿದ್ದ ಪ್ಯಾಕೆಟ್ ಬಿಚ್ಚಿದರೆ ದಿಂಡು ಉಬ್ಬಿ ನಿಂತಿತು. ಅಡಿಯಲ್ಲಿ ಜಾರದಿರಲೆಂದು ರಬ್ಬರ್ ಚುಕ್ಕೆಗಳು.

ಇಲ್ಲಿ ಒಂದು ವಿಷಯ ಗಮನಿಸಿ, ನಮ್ಮ ಕಡೆಯ ಮನೆಗಳಿಗೆ ಇದು ಬಹಳ ಮುಖ್ಯ. ಈ ವಸ್ತುವನ್ನು ರೂಪಿಸಿರುವುದು ನಾಲ್ಕೂ ಮೂಲೆಗೆ ಎಲಾಸ್ಟಿಕ್ ಇರುವ ಬಿಗಿ ಶೀಟಿಗೆ. ಆ ಶೀಟು ಹಾಸಿಗೆಯನ್ನೂ ಫೋಮನ್ನೂ ಸೇರಿಸಿ ಬಿಗಿಯಾಗಿ ಹಿಡಿದಿದ್ದರೆ ಮಾತ್ರ ದಿಂಡು ತನ್ನ ಜಾಗದಲ್ಲಿರುತ್ತದೆ. ನಮ್ಮಲ್ಲಿ ಎಷ್ಟು ಮನೆಯಲ್ಲಿ ಅಂಥ ಶೀಟು ಹಾಸುತ್ತಾರೆ? ಸಾದಾ ಶೀಟು ಹಾಸಿ, ಅಂಚನ್ನು ಹಾಸಿಗೆಯ ಕೆಳಗೆ ತುರುಕುವುದೇ ರೂಢಿ. ಎರಡು ಸಲ ಮಗು ಹೊರಳಿದರೆ ಅದು ಸಡಿಲ. ಹಾಸಿಗೆಯ ನುಣುಪು ಬಟ್ಟೆಯ ಮೇಲೆ ರಬ್ಬರ್ ಚುಕ್ಕೆಗಳ ಹಿಡಿತವೂ ಅಷ್ಟಕ್ಕಷ್ಟೇ. ಜೊತೆಗೆ ನಾರಿನ ಹಾಸಿಗೆಯ ಅಂಚು, ದಿನಾ ಅಲ್ಲೇ ಕೂತು ಏಳುವುದರಿಂದ, ಸ್ವಲ್ಪ ಹೊರಕ್ಕೆ ಇಳಿಜಾರಾಗಿರುತ್ತದೆ. ಫೋಮ್ ಜಾರುವುದು ಆ ಕಡೆಗೇ. ಇದ್ಯಾವುದೂ ಪುಟದಲ್ಲಿರಲಿಲ್ಲ.

ಆ ಸಂಜೆ ಅವಳನ್ನು ಮಲಗಿಸಿ, ರೂಮಿನ ಬಾಗಿಲು ತೆರೆದಿಟ್ಟು, ನಾವು ಹಾಲ್‌ನಲ್ಲಿ ಊಟಕ್ಕೆ ಕೂತಿದ್ದೆವು. ಟಿವಿ ಕೂಡ ಹಾಕಿರಲಿಲ್ಲ. ನಮ್ಮ ಮನೆಯವರು ಫೋನ್ ಚಾರ್ಜರ್ ತರಲು ರೂಮಿಗೆ ಹೋದವರು, “ಬೇಗ ಬಾ ಇಲ್ಲಿ!” ಎಂದು ಕೂಗಿದ ದನಿ ಇನ್ನೂ ಕಿವಿಯಲ್ಲಿದೆ. ಫೋಮ್ ಹಾಸಿಗೆಯಿಂದ ಹೊರಕ್ಕೆ ಜಾರಿ ಮಂಚದ ಪಕ್ಕ ನೇತಾಡುತ್ತಿತ್ತು. ಕೆಳಗೆ ಬೀಳದಂತೆ ತುರುಕಿದ ಶೀಟು ಅದನ್ನು ಹಿಡಿದಿತ್ತು. ಫೋಮಿಗೂ ಹಾಸಿಗೆಯ ಮಗ್ಗುಲಿಗೂ ನಡುವೆ ಶೀಟು ಸೀರೆ ಜೋಲಿಯ ಹಾಗೆ ಇಳಿಬಿದ್ದಿತ್ತು, ಮಗಳು ಅದರೊಳಗೆ ಕಾಲು ಮೊದಲಾಗಿ ಇಳಿದುಹೋಗಿದ್ದಳು. ಎದೆ ಎರಡರ ನಡುವೆ ಒತ್ತಿಕೊಂಡಿತ್ತು, ಗದ್ದ ಎದೆಗೆ ಮಡಚಿತ್ತು, ಮುಖ ಫೋಮಿಗೆ ಅಂಟಿತ್ತು. ಕೈ ಎರಡೂ ಶೀಟಿನೊಳಗೆ ಸಿಕ್ಕಿದ್ದವು.

ಅವಳು ಅಳುತ್ತಿರಲಿಲ್ಲ. ಅಳುವುದಕ್ಕೆ ಗಾಳಿ ಬೇಕು. ಬಿದ್ದಿದ್ದರೆ ದೊಪ್ಪೆಂದು ಸದ್ದಾಗುತ್ತಿತ್ತು, ಆಮೇಲೆ ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು, ನಾವು ಓಡುತ್ತಿದ್ದೆವು. ಇಲ್ಲಿ ಹತ್ತು ಹೆಜ್ಜೆ ದೂರದಲ್ಲಿದ್ದ ನಮಗೆ ಏನೂ ಕೇಳಿಸಲಿಲ್ಲ. ಚಾರ್ಜರ್ ಹಾಲ್‌ನಲ್ಲೇ ಇದ್ದಿದ್ದರೆ ಅನ್ನುವ ಯೋಚನೆಯನ್ನು ನಾನು ಮುಂದುವರಿಸುವುದಿಲ್ಲ.

ಎತ್ತಿಕೊಂಡ ಮೇಲೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಜೋರಾಗಿ ಅತ್ತಳು. ಮುಖ ಕೆಂಪಾಗಿತ್ತು, ಕೆನ್ನೆಯ ಮೇಲೆ ಫೋಮ್ ಕವರಿನ ಹೊಲಿಗೆಯ ಅಚ್ಚು ಬಿದ್ದಿತ್ತು. ಆ ರಾತ್ರಿಯೇ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕದ ಮಟ್ಟ ನೋಡಿದರು, ಎದೆ, ಕತ್ತು ಪರೀಕ್ಷಿಸಿದರು. ಪುಣ್ಯಕ್ಕೆ ಎಲ್ಲ ಸರಿಯಿತ್ತು. “ಮಂಚದಿಂದ ಬಿದ್ದ ಮಕ್ಕಳು ಎಷ್ಟೋ ಬರ್ತಾರಮ್ಮ, ಬಹುಪಾಲು ಒಂದು ಬುಗುಟೆಯಲ್ಲಿ ಮುಗಿಯುತ್ತೆ. ಸಿಕ್ಕಿಹಾಕಿಕೊಳ್ಳೋದು ಹಾಗಲ್ಲ” ಅಂದರು.

ಅವರು ವಿವರಿಸಿದ ಕಾರಣ ಸರಳ. ಚಿಕ್ಕ ಮಕ್ಕಳ ಮೈಯಲ್ಲಿ ತಲೆಯೇ ದೊಡ್ಡದು. ಸೊಂಟ, ಎದೆ ತೂರಿಹೋಗುವ ಸಂದಿನಲ್ಲಿ ತಲೆ ತೂರುವುದಿಲ್ಲ. ಹಾಗಾಗಿ ಕಾಲು ಮೊದಲು ಇಳಿದ ಮಗು ಕತ್ತಿನವರೆಗೆ ಜಾರಿ ಅಲ್ಲಿ ನಿಲ್ಲುತ್ತದೆ. ಎದೆ ಒತ್ತಿಕೊಂಡಾಗ, ಗದ್ದ ಮಡಚಿದಾಗ ಉಸಿರು ಕಟ್ಟುತ್ತದೆ. ದೊಡ್ಡವರಾದರೆ ಕೈಯೂರಿ ಹಿಂದಕ್ಕೆ ತಳ್ಳಿಕೊಳ್ಳುತ್ತಾರೆ, ಒಂದು ವರ್ಷದ ಮಗುವಿಗೆ ಆ ಬಲವೂ ಇಲ್ಲ, ಉಪಾಯವೂ ಹೊಳೆಯುವುದಿಲ್ಲ. ಫೋಮಿನ ಮೆತ್ತಗಿನ ಗುಣ ಇಲ್ಲಿ ಅನುಕೂಲವಲ್ಲ. ಭಾರ ಬಿದ್ದಾಗ ಅದು ಬಗ್ಗಿ ಸಂದು ಮಾಡಿಕೊಡುತ್ತದೆ, ಆಮೇಲೆ ಮುಖದ ಆಕಾರಕ್ಕೆ ಒತ್ತಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ನಮ್ಮತ್ತೆ ಫೋಮ್ ಬಗ್ಗೆ ಹೇಳಿದ್ದು ಸರಿಯೇ, ಆದರೆ ಅವರ ದಿಂಬುಗಳೂ ಅಷ್ಟೇ ಅಪಾಯ. ಅದನ್ನು ಅವರಿಗೆ ಹೇಳಿ ಒಪ್ಪಿಸುವುದಕ್ಕೆ ಡಾಕ್ಟರೇ ಬೇಕಾಯಿತು.

ಅಮೆರಿಕದಲ್ಲಿ ಮಂಚಕ್ಕೆ ಹಾಕುವ ಬೆಡ್ ರೈಲ್‌ಗಳಿಗೆ 2012ರಲ್ಲೇ ಕಡ್ಡಾಯ ಸುರಕ್ಷತಾ ಮಾನದಂಡ ತಂದರು. ಅಲ್ಲಿ ಅವು ಯಾರ ಸಹಾಯವಿಲ್ಲದೆ ದೊಡ್ಡವರ ಮಂಚ ಹತ್ತಿ ಇಳಿಯಬಲ್ಲ 2ರಿಂದ 5 ವರ್ಷದ ಮಕ್ಕಳಿಗೆಂದೇ ಇರುವ ವಸ್ತು. ತೊಟ್ಟಿಲ ಒಳಸುತ್ತಿಗೆ ಕಟ್ಟುವ ಮೆತ್ತನೆಯ ಬಂಪರ್‌ಗಳ ಮಾರಾಟವನ್ನಂತೂ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ಒಂದು ವರ್ಷದೊಳಗಿನ ಮಗು ಮಲಗುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು, ಸುತ್ತ ದಿಂಬು, ರಜಾಯಿ, ಗೊಂಬೆ, ಬಂಪರ್ ಏನೂ ಇರಬಾರದು ಎಂದೇ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು. ನಮಗೆ ಬಂದ ಪ್ಯಾಕೆಟ್ಟಿನ ತಳದಲ್ಲಿದ್ದ ಚೀಟಿಯಲ್ಲೂ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ 2 ವರ್ಷ ಮೇಲ್ಪಟ್ಟವರಿಗೆ ಎಂದೇ ಇತ್ತು! ಪುಟದಲ್ಲಿ 6 ತಿಂಗಳು, ಚೀಟಿಯಲ್ಲಿ 2 ವರ್ಷ.

ಈ ವ್ಯತ್ಯಾಸವನ್ನು ಕೇಳಿದಾಗ ಮಾರಿದವರು ಮೊದಲು ‘ನೀವು ಸರಿಯಾಗಿ ಅಳವಡಿಸಿಲ್ಲ’ ಅಂದರು, ಆಮೇಲೆ ‘ಇದು ಹೈಜೀನ್ ವಸ್ತು, ರಿಟರ್ನ್ ಇಲ್ಲ’ ಅಂದರು. ಪುಟದ ಸ್ಕ್ರೀನ್‌ಶಾಟ್, ಚೀಟಿಯ ಫೋಟೊ ಎರಡನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು. ನಿಮಗೂ ಇಂಥದ್ದು ಎದುರಾದರೆ ನೆನಪಿರಲಿ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಕಂಪನಿಯ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ, ಪುಟ ಯಾವಾಗ ಬದಲಾಗುತ್ತದೋ ಹೇಳಲಾಗುವುದಿಲ್ಲ.

ಈಗ ನಾವು ನೆಲದ ಮೇಲೆ ಮಲಗುತ್ತಿದ್ದೇವೆ. ಮಂಚ ಬಟ್ಟೆ ಮಡಚಿಡುವ ಜಾಗವಾಗಿದೆ. ನೆಲದ ಹಾಸಿಗೆಗೂ ಅದರದ್ದೇ ಕಿರಿಕಿರಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹಾಸಿಗೆಯನ್ನು ಗೋಡೆಗೆ ತಾಗಿಸಿಟ್ಟರೆ ಅಲ್ಲೂ ಅದೇ ಸಂದು ಹುಟ್ಟುತ್ತದೆ, ನಾವು ಮೂರಡಿ ಈಚೆಗೆ ಎಳೆದು ಹಾಸುತ್ತೇವೆ. ಎರಡು ಸಿಂಗಲ್ ಹಾಸಿಗೆ ಜೋಡಿಸಿದರೆ ನಡುವೆ ಬಿರುಕು ಬಿಡುತ್ತದೆ, ಒಂದೇ ಹಾಸಿಗೆ ಸಾಕು. ಮೆತ್ತಗಿನ, ಹೂತುಹೋಗುವ ಹಾಸಿಗೆ ಬೇಡ. ನೆಲದ ತೇವಕ್ಕೆ ಹಾಸಿಗೆಯ ಅಡಿ ಬೂಷ್ಟು ಹಿಡಿಯುತ್ತದೆ, ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಇನ್ನೂ ಬೇಗ. ಅಡಿಗೆ ಚಾಪೆ ಹಾಕಿ, ಬೆಳಿಗ್ಗೆ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿಟ್ಟರೆ ಒಣಗುತ್ತದೆ. ಇರುವೆ ಬರುತ್ತದೆ, ಹಾಲಿನ ಬಾಟಲಿ ಪಕ್ಕದಲ್ಲಿ ಬಿಡಬೇಡಿ. ಕತ್ತಲಲ್ಲಿ ಎದ್ದವರು ಮಗುವನ್ನು ತುಳಿಯದಂತೆ ಸಣ್ಣ ದೀಪ ಬೇಕು. ನಮ್ಮತ್ತೆಗೆ ಮಂಡಿನೋವು, ನೆಲಕ್ಕೆ ಕೂತು ಏಳಲಾಗುವುದಿಲ್ಲ, ಅವರು ತಮ್ಮ ರೂಮಿನ ಮಂಚದಲ್ಲೇ.

ಎಲ್ಲಕ್ಕಿಂತ ಮುಖ್ಯ, ನೆಲದಲ್ಲಿ ಮಲಗಿದ ಮಗು ಎದ್ದರೆ ನೇರವಾಗಿ ನಡೆದುಬಿಡುತ್ತದೆ. ಪ್ಲಗ್, ವೈರು, ಎಳೆದರೆ ಮಗುಚುವ ಬೀರು, ಟೇಬಲ್ಲು ಎಲ್ಲದರ ಮೇಲೂ ಕಣ್ಣಿಡಿ. ಬಚ್ಚಲಿನ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಹೊರಗಿನಿಂದ ಚಿಲಕ ಹಾಕಿಸಿ. ಅರ್ಧ ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದ ಈ ವಯಸ್ಸಿನ ಮಗು ತಾನಾಗಿ ಮೇಲೇಳಲಾರದು. ಬಿದ್ದದ್ದೂ ಸದ್ದಿಲ್ಲದೇ ಆಗುತ್ತದೆ. ರಾತ್ರಿ ಬಕೆಟ್ ಬರಿದು ಮಾಡಿ ಬೋರಲು ಹಾಕುವುದು ನಮ್ಮಲ್ಲಿ ಈಗ ರೂಢಿ.

ಮಂಚ ಬಿಡಲಾಗದವರು ಕನಿಷ್ಠ ಎತ್ತರ ಇಳಿಸಿ. ಸ್ಟೋರೇಜ್ ಇಲ್ಲದ ಕಾಟ್ ಆದರೆ ಬಡಗಿಯನ್ನು ಕರೆಸಿ ಕಾಲು ಕತ್ತರಿಸಬಹುದು. ಪಕ್ಕದ ಚೂಪು ಅಂಚಿನ ಟೇಬಲ್ ತೆಗೆಯಿರಿ, ಕೆಳಗೆ ಜಮಖಾನ ಮಡಚಿ ಹಾಸಿ. ದಪ್ಪ ರಜಾಯಿ ಬೇಡ, ಬಿದ್ದ ಮಗು ಅದರಲ್ಲಿ ಮುಖ ಹುದುಗಿಸಿ ಮಲಗಿಬಿಟ್ಟರೆ ಮತ್ತೆ ಅದೇ ಕಥೆ.

ಮಗು ಬಿದ್ದೇಬಿಟ್ಟರೆ ಬುಗುಟೆಯನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ತಣ್ಣಗಿನದ್ದೇನಾದರೂ ಮೆಲ್ಲಗೆ ಒತ್ತಿ ಹಿಡಿದರೆ ಸಾಕು. ಪ್ರಜ್ಞೆ ತಪ್ಪಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಫಿಟ್ಸ್ ಬಂದರೆ, ಕಿವಿ ಅಥವಾ ಮೂಗಿನಿಂದ ರಕ್ತವೋ ನೀರಿನಂಥದ್ದೋ ಸೋರಿದರೆ, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಂಡರೆ, ನೆತ್ತಿ ಉಬ್ಬಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಹಣೆ ಬಿಟ್ಟು ತಲೆಯ ಪಕ್ಕಕ್ಕೋ ಹಿಂದಕ್ಕೋ ಊದಿಕೊಂಡರೆ, ಅಥವಾ 3 ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಎರಡು ವರ್ಷದೊಳಗಿನ ಮಗು ಆಡಿಕೊಂಡಿದ್ದರೂ ಡಾಕ್ಟರಿಗೆ ತೋರಿಸಿ.

ಇನ್ನು, ಮಗುವಿಗೆ ಎರಡು ದಾಟಿದೆ, ಫೋಮ್ ಆಗಲೇ ಮನೆಯಲ್ಲಿದೆ ಅನ್ನುವವರು ಅದನ್ನು ಎಸೆಯಲೇಬೇಕೆಂದಿಲ್ಲ. ಹಾಸಿಗೆಯ ಅಳತೆಗೆ ಸರಿಹೊಂದುವ ಎಲಾಸ್ಟಿಕ್ ಶೀಟು ತಂದು ಅದರಡಿ ಇಡಿ. ಆಮೇಲೆ ಹಾಸಿಗೆಯ ಮೇಲೆ ಮಲಗಿ, ಭುಜದಿಂದ ಜೋರಾಗಿ ಹೊರಕ್ಕೆ ತಳ್ಳಿ ನೋಡಿ. ಅಂಚು ದಾಟಿ ಅಲುಗಾಡಿದರೆ, ಹಾಸಿಗೆಗೂ ಅದಕ್ಕೂ ನಡುವೆ ಕೈ ಇಳಿದರೆ ಅದು ಆ ಮಂಚಕ್ಕೆ ಹೊಂದುವುದಿಲ್ಲ. ಶೀಟು ಒಗೆದು ಹಾಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಮಗು ದಿಂಡಿನ ಮೇಲೆ ಕಾಲಿಟ್ಟು ನಿಲ್ಲಲು ಶುರು ಮಾಡಿದರೆ ತೆಗೆದುಬಿಡಿ, ಅಲ್ಲಿಂದ ಬಿದ್ದರೆ ಎತ್ತರ ಇನ್ನಷ್ಟು ಹೆಚ್ಚು. ಮತ್ತೆ, ಬಳಸಿ ಮುಗಿದ ಫೋಮನ್ನು ನಾದಿನಿಯ ಕೂಸಿಗೋ ಪಕ್ಕದ ಮನೆಯವರಿಗೋ ದಾಟಿಸುವುದಾದರೆ ಮೊದಲು ಆ ಮಗುವಿನ ವಯಸ್ಸು ಕೇಳಿ.