ಹೆಡ್‌ಲೈಟ್ ಕವರ್ ಕೀಳಿಸೋಕೆ ಹೊರಟಿದ್ದೀರಾ? ಥಿನ್ನರ್ ಬಾಟ್ಲಿ ಕಂಡ್ರೆ ಕಾರು ವಾಪಸ್ ತಿರುಗಿಸಿ

ಮೊದಲು ಮುಖ್ಯವಾದ್ದು ಹೇಳಿಬಿಡ್ತೀನಿ. ಹೆಡ್‌ಲೈಟ್ ಮೇಲೆ ಅಂಟಿಸಿರೋ ಕವರ್ ತೆಗೆಯೋಕೆ ಅಂಗಡಿಯವನು ಥಿನ್ನರ್, ಅಸಿಟೋನ್, ಪೆಟ್ರೋಲ್, ಇವುಗಳಲ್ಲಿ ಯಾವುದನ್ನ ಕೈಗೆತ್ತಿಕೊಂಡ್ರೂ "ನಿಲ್ಸಪ್ಪಾ" ಅನ್ನಿ. ಅಲ್ಲೇ, ಆಗಲೇ. ಮುಲಾಜು ನೋಡಬೇಡಿ. ನಾನು ಮುಲಾಜು ನೋಡಿದ್ದಕ್ಕೇ ಇಷ್ಟೆಲ್ಲ ಬರೀಬೇಕಾಗಿ ಬಂದಿದೆ.

ಕಾರು 2013ರ ಸ್ವಿಫ್ಟು, ಸೆಕೆಂಡ್ ಹ್ಯಾಂಡ್. ಹಿಂದಿನ ಓನರ್ ಎರಡೂ ಹೆಡ್‌ಲೈಟಿಗೆ ಕಪ್ಪು ಸ್ಮೋಕ್ ಕವರ್ ಅಂಟಿಸಿದ್ದ. ಅಂಚಿಗೆಲ್ಲ ಡಬಲ್ ಸೈಡ್ ಫೋಮ್ ಟೇಪು, ಸಾಲದ್ದಕ್ಕೆ ಮೂಲೆಗಳಿಗೆ ಫೆವಿಕ್ವಿಕ್. ಫೆವಿಕ್ವಿಕ್ ಹಾಕಿದ ಜಾಗದ ಸುತ್ತ ಅದರ ಹೊಗೆ ಕೂತು ಬೆಳ್ಳಗಾಗುತ್ತೆ, ಅದು ಬೇರೆ. ಒಳಗಡೆ ಧೂಳು, ಮಳೆನೀರು. ರಾತ್ರಿ ಹೈವೇಯಲ್ಲಿ ಹೈಬೀಮ್ ಹಾಕಿದ್ರೂ ಸೀಮೆಎಣ್ಣೆ ಬುಡ್ಡಿ ಹಿಡ್ಕೊಂಡು ಹೋದ ಹಾಗೆ.

ಬೆಂಗಳೂರಿನ ಒಂದು ಆಕ್ಸೆಸರೀಸ್ ಅಂಗಡಿ. ಮಾತಾಡಿದ್ದು 1,800 ರೂಪಾಯಿ: ಕವರ್ ತೆಗೆದು, ಲೆನ್ಸ್ ಉಜ್ಜಿ, ಪಾಲಿಶ್ ಮಾಡಿ, "ಯುವಿ ಕೋಟಿಂಗ್" (ಬಿಸಿಲಿಗೆ ಹಳದಿಯಾಗದ ಹಾಗೆ ಕಾಯೋ ಪದರ) ಹಾಕಿ ಕೊಡೋದು. ಎರಡು ವರ್ಷ ಗ್ಯಾರಂಟಿ ಅಂತೆ. ಗ್ಯಾರಂಟಿ ಬಾಯಲ್ಲಿ ಮಾತ್ರ, ಅದು ನಿಮಗೂ ಗೊತ್ತಿರೋದೇ.

ಅವನು ಮಾಡಿದ್ದು ಏನು? ಎಡಗಡೆ ಕವರ್ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದ. ಕವರ್ ಚಟ್ ಅಂತ ಮೂರು ತುಂಡಾಯ್ತು. ಲೆನ್ಸ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಎರಡು ಗೀರು. ಉಳಿದ ಗಮ್ಮಿಗೆ ಬಟ್ಟೆ ಮೇಲೆ ಥಿನ್ನರ್ ಸುರಿದು ಗಸಗಸ ಉಜ್ಜಿದ. "ಥಿನ್ನರ್ ಬೇಡ, ಅದು ಗ್ಲಾಸ್ ಅಲ್ಲ" ಅಂದಿದ್ದಕ್ಕೆ ಬಂದ ಉತ್ತರ: "ಸಾರ್, ದಿನಾ ಹತ್ತು ಗಾಡಿ ಮಾಡ್ತೀವಿ."

ಹತ್ತು ಗಾಡಿ ಹಾಳು ಮಾಡ್ತೀರಿ ಅಂತ ಹೇಳಪ್ಪಾ!

ಹೆಡ್‌ಲೈಟ್ ಲೆನ್ಸು, ಅಂದ್ರೆ ಮುಂದಿನ ಪಾರದರ್ಶಕ ಭಾಗ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಕಲ್ಲೇಟಿಗೆ ಜಗ್ಗಲ್ಲ, ಆದ್ರೆ ಥಿನ್ನರ್, ಅಸಿಟೋನ್ ತಾಗಿದ್ರೆ ಒಳಗೊಳಗೇ ಸಣ್ಣ ಬಿರುಕು ಬಿಡುತ್ತೆ, ಜೇಡರ ಬಲೆ ಥರ. ಅಚ್ಚಿನಲ್ಲಿ ಎರಕ ಹೊಯ್ದಾಗ ಪ್ಲಾಸ್ಟಿಕ್ಕಿನೊಳಗೆ ಉಳಿದುಕೊಂಡ ಎಳೆತ ಇರುತ್ತಲ್ಲ, ದ್ರಾವಕ ಹೋಗಿ ಅಲ್ಲೇ ಬಾಯಿ ಬಿಡಿಸುತ್ತೆ. ತಕ್ಷಣ ಕಾಣಲ್ಲ, ಎರಡು ದಿನ ಬಿಟ್ಟು ಬಿಸಿಲಲ್ಲಿ ನಿಲ್ಲಿಸಿದಾಗ ಕಾಣುತ್ತೆ. ಗೀರಾದ್ರೆ ಉಜ್ಜಿ ತೆಗೀಬಹುದು, ಬಿರುಕಿಗೆ ಮದ್ದಿಲ್ಲ.

ಸರಿಯಾದ ದಾರಿ ಇದು. ಕಾರನ್ನ ಮೊದಲು ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ. ಆಮೇಲೆ ತಲೆಗೂದಲು ಒಣಗಿಸೋ ಡ್ರೈಯರ್ ಸಾಕು, ಗೇಣು ದೂರದಿಂದ ಆಡಿಸ್ತಾ ಅಂಚನ್ನ ಕಾಯಿಸಿ. ಕೈ ಇಟ್ರೆ ಚುರುಕ್ ಅನ್ನೋವಷ್ಟು ಬಿಸಿ ಬರಬೇಕು, ಅಷ್ಟೇ. ಹೀಟ್ ಗನ್ ಹತ್ತಿರ ಹಿಡಿದ್ರೆ ಲೆನ್ಸನ್ನ ಹಿಂದಿನ ಡಬ್ಬಿಗೆ ಕೂರಿಸಿರೋ ಸೀಲೂ ಮೆತ್ತಗಾಗಿ, ಮಳೆಗಾಲದಲ್ಲಿ ಹೆಡ್‌ಲೈಟ್ ಒಳಗೆ ನೀರು ಹೋಗುತ್ತೆ. ಬಿಸಿಯಾದ ಮೇಲೆ ಮೀನು ಹಿಡಿಯೋ ನೈಲಾನ್ ದಾರವನ್ನ ಕವರ್ ಹಿಂದೆ ತೂರಿಸಿ, ಗರಗಸದ ಹಾಗೆ ಹಿಂದೆ ಮುಂದೆ ಎಳೀರಿ. ಫೋಮ್ ಟೇಪು ಬೆಣ್ಣೆ ಥರ ಕುಯ್ಯುತ್ತೆ. ಉಳಿದ ಗಮ್ಮನ್ನ ಹೆಬ್ಬೆರಳಲ್ಲಿ ಉರುಟಿ, ಹಳೇ ಎಟಿಎಂ ಕಾರ್ಡಲ್ಲಿ ಕೆರೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಫೆವಿಕ್ವಿಕ್ ಕಲೆ ಇದಕ್ಕೆಲ್ಲ ಹೋಗಲ್ಲ. ಅದನ್ನ ನೀರುಕಾಗದದಲ್ಲೇ (ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್) ಉಜ್ಜಬೇಕು.

ಈಗ ಉಜ್ಜೋ ವಿಷ್ಯ. ನನಗೆ ಮಂಕುಬೂದಿ ಎರಚಿದ್ದು ಇಲ್ಲೇ. ಅವನು 2000 ನಂಬರ್ ಕಾಗದ ಒಂದನ್ನೇ ಹತ್ತು ನಿಮಿಷ ಆಡಿಸಿದ. ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು. ಹಳೇ ಕೋಟಿಂಗ್ ಅಲ್ಲಲ್ಲಿ ಪೊರೆ ಎದ್ದಿದ್ರೆ 2000ದಲ್ಲಿ ಏನೂ ಆಗಲ್ಲ. 600 ಅಥವಾ 800ರಿಂದ ಶುರು ಮಾಡಬೇಕು, ಸುತ್ತ ಪೇಂಟಿಗೆ ಮಾಸ್ಕಿಂಗ್ ಟೇಪು ಹಾಕಿ, ಶಾಂಪೂ ನೀರು ಬಿಡ್ತಾ. ಹಳದಿ ನೀರು ಇಳಿಯೋವರೆಗೂ ಕಂಪನಿಯ ಹಳೇ ಕೋಟಿಂಗ್ ಇನ್ನೂ ಇದೆ ಅಂತ ಅರ್ಥ. ನೀರು ಬೆಳ್ಳಗಾಗಬೇಕು, ಲೆನ್ಸು ಪೂರ್ತಿ ಹಾಲಿನ ಹಾಗೆ ಒಂದೇ ಸಮ ಮಬ್ಬಾಗಬೇಕು. ಆಮೇಲೆ 1000, 1500, 2000, 3000. ಪ್ರತಿ ಸಲ ತೊಳೆದು, ಉಜ್ಜೋ ದಿಕ್ಕು ಬದಲಿಸಿ. ಕಾಂಪೌಂಡ್ (ಉಜ್ಜಿ ಹೊಳಪು ತರಿಸೋ ಪೇಸ್ಟ್) ಹಾಕಿ ಪಾಲಿಶ್ ಆಮೇಲೆ. ಎರಡು ಲೈಟಿಗೆ ಕೈಯಲ್ಲಿ ಎರಡು ಗಂಟೆಯಾದ್ರೂ ಬೇಕು. ಇವನು ಎಲ್ಲಾ ಸೇರಿ 25 ನಿಮಿಷಕ್ಕೆ ಮುಗಿಸಿದ.

ಮುಗಿಸಿ, ಲೇಬಲ್ ಇಲ್ಲದ ಬಾಟ್ಲಿಯಿಂದ ಏನೋ ಬಟ್ಟೆಗೆ ಹಾಕ್ಕೊಂಡು ಒರೆಸಿದ. ಫಳಫಳ! ಶೋರೂಮಿಂದ ಈಗಷ್ಟೇ ಇಳಿಸಿದ ಹಾಗೆ. "ಇದೇ ಸಾರ್ ಯುವಿ ಕೋಟಿಂಗ್." ಫೋನ್‌ಪೇ ಮಾಡಿಬಿಟ್ಟೆ. ಮಾಡಿಬಿಟ್ಟೆ! ಮಬ್ಬು ಪ್ಲಾಸ್ಟಿಕ್ ಒದ್ದೆ ಆದ್ರೆ ಯಾವಾಗಲೂ ಫಳಫಳ ಅನ್ನುತ್ತೆ, ಗೀರುಗಳಲ್ಲಿ ಎಣ್ಣೆ ತುಂಬ್ಕೊಳ್ಳುತ್ತೆ ಅಷ್ಟೇ, ಇದು ಗೊತ್ತಿದ್ದೂ. ಮೂರನೇ ದಿನ ಶಾಂಪೂ ಹಾಕಿ ತೊಳೆದೆ. ಎರಡೂ ಲೈಟು ಮಬ್ಬು. ಎಡಗಡೆಯದರಲ್ಲಿ ಜೇಡರ ಬಲೆ. ಅವನು ಒರೆಸಿದ್ದು ಡ್ಯಾಶ್‌ಬೋರ್ಡ್ ಪಾಲಿಶ್ಶೋ ಟೈರ್ ಪಾಲಿಶ್ಶೋ, ಕೋಟಿಂಗ್ ಅಂತೂ ಅಲ್ಲ.

ಬಾಳಿಕೆ ಬರೋ ಕೋಟಿಂಗ್ ಅಂದ್ರೆ ಹೆಚ್ಚಾಗಿ ಹಾರ್ಡನರ್ ಬೆರೆಸಿದ 2ಕೆ (ಎರಡು ಭಾಗ ಬೆರೆಸಿ ಹೊಡೆಯೋ) ಕ್ಲಿಯರ್ ಕೋಟ್, ಇಲ್ಲಾಂದ್ರೆ ಪಿಪಿಎಫ್, ಅಂದ್ರೆ ಮೇಲೆ ಅಂಟಿಸೋ ಪಾರದರ್ಶಕ ರಕ್ಷಣಾ ಫಿಲ್ಮು. ಕ್ಲಿಯರ್ ಕೋಟ್ ಹಾಕೋದಾದ್ರೆ 1000ಕ್ಕೇ ನಿಲ್ಲಿಸಬೇಕು, ನುಣ್ಣಗೆ ಪಾಲಿಶ್ ಮಾಡಿದ ಮೇಲೆ ಅದು ಕಚ್ಚಿಕೊಳ್ಳಲ್ಲ. ಸ್ಪ್ರೇ ಮಾಡೋವಾಗ ಮೂಗು ಬಾಯಿಗೆ ಆವಿ ತಡೆಯೋ ಫಿಲ್ಟರ್ ಮಾಸ್ಕ್ ಬೇಕೇ ಬೇಕು. ಹೊಡೆದ ಮೇಲೆ ಒಂದು ದಿನ ನೀರು ತಾಗಿಸಬಾರದು. "ಕ್ಲಿಯರ್ ಕೋಟ್ ಆಯ್ತು, ಈಗಲೇ ತಗೊಂಡ್ಹೋಗಿ" ಅಂದ್ರೆ ಅನುಮಾನ ಪಡಿ. ಅದಿಲ್ಲದೆ ಬರೀ ಪಾಲಿಶ್ ಮಾಡಿದ್ದು ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಕಪ್‌ನಲ್ಲಿ ಕೆಮಿಕಲ್ ಕಾಯಿಸಿ ಆವಿ ಬಿಡೋ "ಸ್ಟೀಮ್ ಪಾಲಿಶ್" ಇದೆಯಲ್ಲ, ಅದೂ ಪ್ಲಾಸ್ಟಿಕ್ಕಿನ ಮೈ ಕರಗಿಸೋ ದ್ರಾವಕವೇ. ಆ ಆವಿ ಕುಡಿಯೋ ಹುಡುಗರ ಗತಿ ನೆನೆಸ್ಕೊಂಡ್ರೇ ಸಂಕಟ.

ದುಡ್ಡು ಕೊಡೋಕೆ ಮುಂಚೆ ಶಾಂಪೂ ನೀರಲ್ಲಿ ತೊಳೆಸಿ, ಒಣಗಿಸಿ, ಬಿಸಿಲಿಗೆ ತಂದು ನೋಡಿ. ಇಷ್ಟು ಮಾಡಿದ್ರೆ ನನ್ನ 1,800 ಉಳೀತಿತ್ತು.

ಫೋಟೋ ವಾಟ್ಸಾಪ್ ಮಾಡಿದೆ. ಒಂದು ದಿನ ಬರೀ ನೀಲಿ ಟಿಕ್ಕು. ಆಮೇಲೆ: "ಬಿರುಕು ಮೊದಲೇ ಇತ್ತು ಸಾರ್, ಕವರ್ ಕೆಳಗೆ ಕಾಣ್ತಿರಲಿಲ್ಲ." ಕವರ್ ತೆಗೆದ ತಕ್ಷಣ ತೆಗೆದ ಫೋಟೋ ಕಳಿಸಿದೆ, ಬಿರುಕಿಲ್ಲ. "ಗಾಡಿ ಹಳೇದು ಸಾರ್." ಬಿಲ್ ಕೊಡು ಅಂದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ." ಅಂಗಡಿಗೇ ಹೋಗಿ ನಿಂತೆ. ಲೈಟಿನ ಕಡೆ ಬಗ್ಗಿ ನೋಡಿ, ಒಂದು ಚೂರೂ ನಾಚಿಕೆಯಿಲ್ಲದೆ ಅಂದ:

"ಒಂದು ಕೆಲ್ಸ ಮಾಡಿ ಸಾರ್. ಹೊಸಾ ಸ್ಮೋಕ್ ಕವರ್ ಬಂದಿದೆ, 600 ಕೊಡಿ, ಅಂಟಿಸ್ಬಿಡ್ತೀನಿ. ಬಿರುಕು ಕಾಣಲ್ಲ."