ಹಬ್ಬದೂಟಕ್ಕೆ ಹೋಟೆಲ್: ಮೈಸೂರು, ಮಂಡ್ಯಗಳಲ್ಲಿ ಉಂಡು ನೋಡಿದ್ದು

ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿಗಳ ಹಿಂದಿನ ವಾರದಿಂದಲೇ ಮೈಸೂರಿನ ಸಸ್ಯಾಹಾರಿ ಹೋಟೆಲ್‌ಗಳ ಮುಂದೆ ‘ಹಬ್ಬದ ವಿಶೇಷ ಊಟ’ ಎಂಬ ಫಲಕ ಕಾಣಿಸಿಕೊಳ್ಳುವುದು ಈಗ ವಾಡಿಕೆಯಾಗಿದೆ. ಒಬ್ಬಟ್ಟು ತಟ್ಟುತ್ತಿದ್ದ ಕೈಗಳಿಗೆ ವಯಸ್ಸಾದ ಮನೆಗಳು, ಬೆಂಗಳೂರಿನಿಂದ ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುವ ಮಕ್ಕಳಿರುವ ಮನೆಗಳು, ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳು ಊರಿನಲ್ಲಿ ಹೆಚ್ಚುತ್ತಿವೆ. ಅಂಥ ಮನೆಯ ಹೆಂಗಸರನ್ನು ಹಬ್ಬದ ದಿನ ನಸುಕಿನಿಂದಲೇ ಒಲೆಯ ಮುಂದೆ ನಿಲ್ಲಿಸುವುದಕ್ಕಿಂತ, ಎಣ್ಣೆಸ್ನಾನ, ಪೂಜೆ, ಬೇವು-ಬೆಲ್ಲಗಳನ್ನು ಮನೆಯಲ್ಲಿ ಮುಗಿಸಿಕೊಂಡು ಊಟಕ್ಕೆ ಮಾತ್ರ ಹೊರಗೆ ಹೋಗುವುದು ಒಳ್ಳೆಯ ತೀರ್ಮಾನವೆಂದೇ ನಾನು ತಿಳಿದಿದ್ದೇನೆ. ಇದರಿಂದ ಹಬ್ಬದ ಗೌರವ ಕುಂದುತ್ತದೆ ಎನ್ನುವ ಹಿರಿಯರ ಮಾತನ್ನು ಕೇಳಿದ್ದೇನೆ. ಆದರೆ ಎಂಬತ್ತು ದಾಟಿದ ನನ್ನ ಅಮ್ಮ ಹಬ್ಬದ ದಿನ ಮೊಮ್ಮಕ್ಕಳ ಪಕ್ಕದಲ್ಲಿ ಮೊದಲ ಪಂಕ್ತಿಗೇ ಕೂತು ಉಂಡದ್ದು ಹೋಟೆಲ್‌ನಲ್ಲಿಯೇ ಹೊರತು ಮನೆಯಲ್ಲಿದ್ದಾಗಲ್ಲ.

ಈಚಿನ ಹಬ್ಬಗಳಲ್ಲಿ ನಮ್ಮ ಕುಟುಂಬ ಉಂಡ ಊಟಗಳನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಹಬ್ಬದ ದಿನಗಳಿಗೆಂದು ಅಡುಗೆಯವರನ್ನೂ ಬಡಿಸುವವರನ್ನೂ ಹೊರಗಿನಿಂದ ಕರೆಸುವ ರೂಢಿಯಿರುವುದರಿಂದ ಒಂದು ಹಬ್ಬದ ಊಟದ ಮೇಲೆ ಇಡೀ ಹೋಟೆಲ್‌ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಆದ್ದರಿಂದ ಹೆಸರುಗಳನ್ನು ಬಿಟ್ಟು ಬಡಾವಣೆಯನ್ನಷ್ಟೇ ಹೇಳುತ್ತೇನೆ. ನನ್ನ ಅಳತೆಗೋಲು ಒಂದೇ: ಎಲೆಯ ಮೇಲೆ ಎಷ್ಟು ಬಗೆಯಿದೆ ಎಂಬುದಕ್ಕಿಂತ, ಬಡಿಸುವವರು ಉಣ್ಣುವವರನ್ನು ಹೇಗೆ ವಿಚಾರಿಸಿಕೊಳ್ಳುತ್ತಾರೆ ಎಂಬುದು. ಇಪ್ಪತ್ತೈದು ಬಗೆ ಎಂದು ಫಲಕದಲ್ಲಿ ಬರೆದು, ಎರಡನೆಯ ಸಲ ಅನ್ನ ಕೇಳಲು ಕೈ ಎತ್ತಿಕೊಂಡು ಕೂರುವಂತೆ ಮಾಡಿದರೆ ಅದು ಹಬ್ಬದೂಟವಲ್ಲ.

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ರಜೆಯ ದಿನವಾದ್ದರಿಂದ ಜನ ಹೆಚ್ಚಾಗಬಹುದೆಂದು ಸರಸ್ವತಿಪುರಂನ ಹಳೆಯ ಹೋಟೆಲೊಂದರಲ್ಲಿ ಮೊದಲೇ ಹಣ ಕೊಟ್ಟು ಕೂಪನ್ ಪಡೆದಿದ್ದೆವು. ಕೆಳಗೆ ಎಂದಿನಂತೆ ತಿಂಡಿ-ಕಾಫಿ ನಡೆಯುತ್ತಿರುತ್ತದೆ. ಹಬ್ಬದ ಊಟ ಮೇಲ್ಮಹಡಿಯಲ್ಲಿ. ಮಧ್ಯಾಹ್ನ ಮೂರು ಪಂಕ್ತಿ ಮಾಡಿ, ಕೂಪನ್ ಮೇಲೆಯೇ ಪಂಕ್ತಿಯ ಹೊತ್ತನ್ನು ಬರೆದುಕೊಡುತ್ತಾರೆ. ಇದೊಂದು ವ್ಯವಸ್ಥೆಯಿಂದ ಎಷ್ಟು ಹಿತವಾಗುತ್ತದೆ ಎಂಬುದನ್ನು, ಉಣ್ಣುತ್ತಿರುವಾಗ ಬೆನ್ನ ಹಿಂದೆ ಕುರ್ಚಿ ಹಿಡಿದುಕೊಂಡು ಕಾದು ನಿಲ್ಲುವ ಜನರ ಕಾಟವನ್ನು ಬಲ್ಲವರೇ ಹೇಳಬೇಕು. ಹಿಂದಿನ ಪಂಕ್ತಿ ಪೂರ್ತಿ ಎದ್ದು, ಮೇಜು ಒರೆಸಿ, ಹೊಸ ಎಲೆ ಹಾಕಿದ ಮೇಲೆಯೇ ಬಾಗಿಲು ತೆರೆದರು.

ತುದಿ ಎಡಕ್ಕೆ ಬರುವಂತೆ ಹಾಕಿದ್ದ ಎಲೆಗಳು ಅಗಲವಾಗಿದ್ದವು, ಒಂದೂ ಹರಿದಿರಲಿಲ್ಲ. ಉಪ್ಪು, ಉಪ್ಪಿನಕಾಯಿ, ಹೆಸರುಬೇಳೆ ಮತ್ತು ಕಡಲೆಬೇಳೆಯ ಎರಡು ಕೋಸಂಬರಿ, ಹುರುಳಿಕಾಯಿ ಪಲ್ಯ, ಈರನಗೆರೆ ಬದನೆಕಾಯಿಯ ಎಣ್ಣೆಗಾಯಿ, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ, ಹಪ್ಪಳ, ಆಮೇಲೆ ಅನ್ನ, ತೊವ್ವೆ, ತುಪ್ಪ. ಮೈಸೂರಿನ ಸುತ್ತಮುತ್ತ ಬೆಳೆಯುವ ಈ ಹಸಿರು ಗುಂಡು ಬದನೆಯನ್ನು ಹೋಟೆಲ್‌ನವರು ಹುಡುಕಿ ತಂದದ್ದೇ ನನಗೆ ಸಂತೋಷ ಕೊಟ್ಟಿತು. ಬೇಯಿಸಿದರೂ ತನ್ನ ಆಕಾರ ಬಿಡದೆ, ಒಳಗೆ ಮಾತ್ರ ಬೆಣ್ಣೆಯಂತೆ ಕರಗುವ ಗುಣ ಅದಕ್ಕಿದೆ. ಮಾವಿನಕಾಯಿ ಚಿತ್ರಾನ್ನದಲ್ಲಿ ಹುಳಿ, ಖಾರ, ಸಾಸಿವೆಗಳ ಹದ ಸರಿಯಾಗಿತ್ತು. ಕೋಸಂಬರಿಗೆ ಉಪ್ಪನ್ನು ಬಡಿಸುವುದಕ್ಕೆ ಸ್ವಲ್ಪ ಮೊದಲು ಹಾಕಿದ್ದರೆಂದು ಕಾಣುತ್ತದೆ, ಎಲೆಯ ಮೇಲೆ ನೀರು ಒಡೆದಿರಲಿಲ್ಲ.

ಹೋಟೆಲ್‌ನ ಯುಗಾದಿ ಊಟವನ್ನು ಪರೀಕ್ಷಿಸಬೇಕಾದದ್ದು ಒಬ್ಬಟ್ಟಿಗಿಂತಲೂ ಒಬ್ಬಟ್ಟಿನ ಸಾರಿನಲ್ಲಿ. ಬೇಳೆ ಬೇಯಿಸಿ ಬಸಿದ ಕಟ್ಟು, ಅದಕ್ಕೆ ಒಂದಿಷ್ಟು ಹೂರಣ, ಹುಣಸೆಹಣ್ಣಿನ ರಸ, ಸಾರಿನ ಪುಡಿ, ಹುರಿದು ರುಬ್ಬಿದ ಕಾಯಿ, ಕರಿಬೇವಿನ ಒಗ್ಗರಣೆ. ಇಷ್ಟೂ ಸೇರಿ ಚೆನ್ನಾಗಿ ಕುದಿದು, ಕೊಂಚ ಹೊತ್ತು ಹಾಗೆಯೇ ಕೂತ ಮೇಲೆ ಸಿಹಿ, ಹುಳಿ, ಖಾರಗಳು ಒಂದಾಗುತ್ತವೆ. ನೂರಾರು ಒಬ್ಬಟ್ಟುಗಳನ್ನು ತಟ್ಟುವ ಅಡುಗೆಮನೆಯಲ್ಲಿ ಕಟ್ಟಿಗೆ ಕೊರತೆಯೇ ಇರುವುದಿಲ್ಲ. ಆದರೂ ಬಹಳ ಹೋಟೆಲ್‌ಗಳು ಅದನ್ನು ಚೆಲ್ಲಿ, ದಿನದ ಟೊಮೆಟೊ ಸಾರಿಗೆ ಬೆಲ್ಲ ಬೆರೆಸಿ ಒಬ್ಬಟ್ಟಿನ ಸಾರೆಂದು ಬಡಿಸುತ್ತವೆ. ಎಲ್ಲಿಂದಲೋ ತರಿಸಿದ ಒಬ್ಬಟ್ಟು ಹಾಕುವ ಕಡೆ ಕಟ್ಟೇ ಇರುವುದಿಲ್ಲ, ಆದ್ದರಿಂದ ಸಾರನ್ನು ಒಂದು ಗುಟುಕು ಕುಡಿದರೆ ಅಡುಗೆಮನೆಯಲ್ಲಿ ಏನು ನಡೆದಿದೆ ಎಂಬುದು ತಿಳಿದುಬಿಡುತ್ತದೆ. ಸರಸ್ವತಿಪುರಂನ ಸಾರು ಗಟ್ಟಿಯಾಗಿ, ಕಂದುಬಣ್ಣದಲ್ಲಿ, ತಳದಲ್ಲಿ ಹೂರಣದ ಕಣ ಸಿಗುವಂತಿತ್ತು. ಅಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಒಬ್ಬಟ್ಟಿನ ಕಣಕ ಎಣ್ಣೆಯಲ್ಲಿ ಸಾಕಷ್ಟು ಹೊತ್ತು ನೆನೆದು ತೆಳ್ಳಗೆ ಬಂದಿತ್ತು. ಹೂರಣದಲ್ಲಿ ಏಲಕ್ಕಿ ಸ್ವಲ್ಪ ಹೆಚ್ಚು ಎನ್ನಿಸಿದರೂ ಬೇಳೆಯ ಪರಿಮಳವನ್ನು ಅದು ಮುಚ್ಚಿರಲಿಲ್ಲ. ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತಲೇ ಕಾಯಿಹಾಲು ಬೇಕೇ ಎಂದು ಕೇಳಿದರು.

ಬಡಿಸುವವರ ವಿಷಯ ಹೇಳದೆ ಈ ಊಟದ ಮಾತು ಪೂರ್ಣವಾಗುವುದಿಲ್ಲ. ಒಂದು ಸಾಲಿಗೆ ಒಬ್ಬರಂತೆ ನಿಂತಿದ್ದ ಅವರು ಎಲೆ ನೋಡಿ ನಡೆಯುತ್ತಿದ್ದರು, ಮುಖ ನೋಡಿ ಕೇಳುತ್ತಿದ್ದರು. ನಮ್ಮ ಸಾಲಿನ ಹಿರಿಯ ಬಡಿಸುವವರು ಅಮ್ಮನ ಎಲೆಯ ಮುಂದೆ ನಿಂತು, “ಅಮ್ಮಾ, ಆಂಬೊಡೆ ಗರಿಗರಿ ಇದೆ, ನಿಮಗೆ ಸಾರಲ್ಲಿ ನೆನೆಸಿ ತಂದುಕೊಡಲಾ?” ಎಂದರು. ಯಾರೂ ಹೇಳದೆ ಅವರಿಗೆ ಹೊಳೆದ ಮಾತದು. ಇಂಥ ನೌಕರರಿಗೆ ಹಬ್ಬದ ದಿನದ ದುಡಿಮೆಗೆ ಹೆಚ್ಚುವರಿ ಸಂಬಳ ಕೊಡುವ ಹೋಟೆಲ್‌ಗೆ ನಾನು ಎಲೆಗೆ ಐವತ್ತು ರೂಪಾಯಿ ಹೆಚ್ಚು ಕೊಡಲು ಸಿದ್ಧನಿದ್ದೇನೆ, ಏಕೆಂದರೆ ಅವರ ಮನೆಯಲ್ಲಿಯೂ ಅಂದು ಹಬ್ಬವೇ.

ಕೊರತೆಗಳಿಲ್ಲವೆಂದಲ್ಲ. ಮೇಲ್ಮಹಡಿಗೆ ಲಿಫ್ಟ್ ಇಲ್ಲ; ಹಬ್ಬದೂಟಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಮಂಡಿನೋವಿನವರಾಗಿರುವಾಗ ಕೆಳಗಿನ ಹಾಲ್‌ನಲ್ಲಿ ಒಂದು ಸಾಲನ್ನಾದರೂ ಹಿರಿಯರಿಗೆ ಮೀಸಲಿಡಬೇಕು. ಶ್ಯಾವಿಗೆ ಪಾಯಸ ತೀರ ನೀರಾಗಿತ್ತು. ಊಟದ ಕೊನೆಗೆ ಕೊಟ್ಟ ವೀಳ್ಯದೆಲೆ ಒಣಗಿತ್ತು. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿರುವ ಊರಿನಲ್ಲಿ, ದೇವರಾಜ ಮಾರುಕಟ್ಟೆ ಇಷ್ಟು ಹತ್ತಿರವಿರುವಾಗ, ಇದನ್ನು ಒಪ್ಪಲಾಗದು. ನಂಜನಗೂಡು ರಸಬಾಳೆಯನ್ನು ನಾನು ನಿರೀಕ್ಷಿಸಿರಲಿಲ್ಲ, ಸೊರಗುರೋಗದಿಂದ ಅದರ ಬೆಳೆಯೇ ಕಡಿಮೆಯಾಗಿದೆ. ಏಲಕ್ಕಿ ಬಾಳೆಹಣ್ಣು ಕೊಟ್ಟರು, ಚೆನ್ನಾಗಿತ್ತು.

ಬಲಿಪಾಡ್ಯಮಿಯ ರಾತ್ರಿ ಮಕ್ಕಳ ಆಸೆಗೆ ಹೋದ ದೊಡ್ಡ ತಾರಾ ಹೋಟೆಲ್‌ನ ಬಫೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ತಾನೇ ಬಡಿಸಿಕೊಳ್ಳುವ ಏರ್ಪಾಡು ವಯಸ್ಸಾದವರಿಗೂ ಪುಟ್ಟ ಮಕ್ಕಳ ತಾಯಂದಿರಿಗೂ ಹಬ್ಬದೂಟವಾಗಲಾರದು. ಪನೀರ್, ನೂಡಲ್ಸ್, ಕೇಕ್‌ಗಳ ನಡುವೆ ಒಂದು ಮೂಲೆಯಲ್ಲಿದ್ದ ಒಬ್ಬಟ್ಟು ಕೆಳಗಿನ ದೀಪದ ಬಿಸಿಗೆ ಗಟ್ಟಿಯಾಗಿ ಹೋಗಿತ್ತು. ಓದುಗರಿಗೆ ಉಪಯೋಗವಾಗುವುದು ಬಿಲ್ಲಿನ ವಿಷಯ. ಸಾಮಾನ್ಯ ಹೋಟೆಲ್‌ಗಳಲ್ಲಿ ಊಟಕ್ಕೆ ಜಿಎಸ್‌ಟಿ ಶೇ. 5, ಕೊಠಡಿಯ ದರ ದಿನಕ್ಕೆ 7,500 ರೂಪಾಯಿ ಮೀರುವ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ನಲ್ಲಿ ಶೇ. 18. ಫಲಕದಲ್ಲಿ ಕಂಡ ದರಕ್ಕೂ ಕೊಟ್ಟ ಹಣಕ್ಕೂ ಇರುವ ಅಂತರ ಇಲ್ಲಿಂದ ಬರುತ್ತದೆ, ಆದ್ದರಿಂದ ಕಾಯ್ದಿರಿಸುವಾಗಲೇ ತೆರಿಗೆ ಸೇರಿ ಎಷ್ಟೆಂದು ಕೇಳಬೇಕು. ಇದಲ್ಲದೆ ನಮ್ಮ ಬಿಲ್ಲಿನಲ್ಲಿ ಸೇವಾ ಶುಲ್ಕವನ್ನೂ ಸೇರಿಸಿದ್ದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲ್‌ಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಇಷ್ಟನ್ನು ಸಮಾಧಾನದಿಂದ ಹೇಳಿದಾಗ ವ್ಯವಸ್ಥಾಪಕರು ಆ ಮೊತ್ತವನ್ನು ತೆಗೆದುಹಾಕಿದರು. ಮೇಜಿನ ಬಳಿ ದುಡಿದವರಿಗೆ ಕೊಡಬೇಕೆನಿಸಿದ್ದನ್ನು ಕೈಗೇ ಕೊಟ್ಟು ಬಂದೆವು.

ಮುಂಗಡ ಕಾಯ್ದಿರಿಸುವ ಕ್ರಮದಲ್ಲಿ ನಮ್ಮ ಹೋಟೆಲ್‌ಗಳು ಇನ್ನೂ ಕಲಿಯಬೇಕಾದದ್ದಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಊಟದ ಬಗ್ಗೆ ಹೇಳುತ್ತಿರುತ್ತಾಳೆ. 1941ರಲ್ಲಿ ಮಾಡಿದ ಕಾನೂನಿನಂತೆ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಆ ಹಬ್ಬವೂ ಮನೆಮಂದಿಯೆಲ್ಲ ಕೂಡಿ ಉಣ್ಣುವ ಹಬ್ಬವೇ. ಟರ್ಕಿ ಕೋಳಿಯನ್ನು ಗಂಟೆಗಟ್ಟಲೆ ಒಲೆಯಲ್ಲಿ ಬೇಯಿಸುವ ಶ್ರಮ ಬೇಡವೆನ್ನುವವರು ನಗರದ ರೆಸ್ಟೋರೆಂಟ್‌ಗಳಲ್ಲಿ ಮೊದಲೇ ಮೇಜು ಕಾಯ್ದಿರಿಸುತ್ತಾರೆ. ಕ್ರ್ಯಾನ್‌ಬೆರಿ ಸಾಸ್‌ನಿಂದ ಕುಂಬಳಕಾಯಿಯ ಪೈವರೆಗೆ ಏನೇನು ಬಡಿಸುತ್ತಾರೆ, ತಲೆಗೆಷ್ಟು ಎಂಬುದನ್ನು ಮುಂಚೆಯೇ ಪ್ರಕಟಿಸಿರುತ್ತಾರೆ. ತಂಗಿಯ ಮನೆಯವರು ಸಸ್ಯಾಹಾರಿಗಳಾದ್ದರಿಂದ ಕಾಯ್ದಿರಿಸುವಾಗಲೇ ಅದನ್ನು ಕೇಳಿ ಬರೆದುಕೊಳ್ಳುತ್ತಾರಂತೆ. ನಮ್ಮಲ್ಲಿ ಫೋನ್ ಮಾಡಿದರೆ “ಬನ್ನಿ ಸಾರ್, ಜಾಗ ಇರುತ್ತೆ” ಎನ್ನುವ ಉತ್ತರವೇ ಹೆಚ್ಚು. ಎಷ್ಟು ಜನ ಬರುತ್ತಾರೆ, ಸಕ್ಕರೆ ಕಾಯಿಲೆಯವರಿದ್ದಾರೆಯೇ, ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿದ್ದಾರೆಯೇ ಎಂದು ಮೊದಲೇ ಕೇಳಿಕೊಂಡರೆ ಅಡುಗೆಯವರಿಗೂ ಅಂದಾಜು ಸಿಗುತ್ತದೆ, ಕೊನೆಯ ಪಂಕ್ತಿಗೆ ಒಬ್ಬಟ್ಟು ಮುಗಿಯಿತೆನ್ನುವ ಮಾತು ಬರುವುದಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಕುವೆಂಪುನಗರದ ಕ್ಯಾಟರಿಂಗ್‌ನವರೊಬ್ಬರಿಂದ ಊಟವನ್ನು ಮನೆಗೇ ತರಿಸಿದೆವು. ಸಂಜೆ ಅರಿಶಿನ-ಕುಂಕುಮಕ್ಕೆ ಬರುವವರಿರುವ ಮನೆಯಲ್ಲಿ ಮಧ್ಯಾಹ್ನ ಹೊರಗೆ ಹೋಗುವುದು ಕಷ್ಟ, ಅಂಥವರಿಗೆ ಇದು ಅನುಕೂಲ. ರುಚಿಯಲ್ಲಿ ದೂರುವಂಥದ್ದೇನಿರಲಿಲ್ಲ, ಪುಳಿಯೋಗರೆಯಂತೂ ಮಾರನೆಯ ದಿನಕ್ಕೂ ಚೆನ್ನಾಗಿತ್ತು. ಆದರೆ ಹೇಳಿದ ಹೊತ್ತಿಗಿಂತ ಒಂದು ಗಂಟೆ ತಡವಾಗಿ ಬಂತು, ಕುದಿಯುವ ಸಾರನ್ನೂ ಹುಳಿಯನ್ನೂ ತೆಳುವಾದ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದ್ದರು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ನಿಷೇಧ 2016ರಿಂದಲೇ ಇದೆ. ನಾವೇ ಸ್ಟೀಲ್ ಡಬ್ಬಿಗಳನ್ನು ಕಳುಹಿಸುತ್ತೇವೆಂದರೆ ಈ ಕ್ಯಾಟರಿಂಗ್‌ನವರು ಒಪ್ಪುತ್ತಾರೆ ಎಂದು ಆಮೇಲೆ ತಿಳಿಯಿತು. ತರಿಸುವವರು ಹಾಗೆಯೇ ಮಾಡುವುದು ಒಳ್ಳೆಯದು.

ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಊಟ ಮಂಡ್ಯದಲ್ಲಿ. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಾಕಿಸಿ ಹಂಚಿಕೊಂಡು ಮನೆಮನೆಯಲ್ಲಿ ಒಲೆ ಹಚ್ಚುವ ದಿನವದು, ಹೋಟೆಲ್‌ಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಈಗ ಊರಿನ ನಂಟು ಕಡಿದುಕೊಂಡು ಪಟ್ಟಣ ಸೇರಿದವರು ಮಿಲಿಟರಿ ಹೋಟೆಲ್‌ಗಳನ್ನು ತುಂಬುತ್ತಾರೆ. 2025ರಲ್ಲಿ ಹೊಸತೊಡಕು ಸೋಮವಾರ ಬಂದದ್ದರಿಂದ, ಸೋಮವಾರ ಬಾಡು ಮುಟ್ಟದ ನಮ್ಮಂಥವರು ಮಂಗಳವಾರಕ್ಕೆ ಇಟ್ಟುಕೊಂಡೆವು. ಊರೊಳಗಿನ ಹಳೆಯ ಹೆದ್ದಾರಿಯ ಪಕ್ಕದ ಸಣ್ಣ ಹೋಟೆಲದು. 2023ರ ಮಾರ್ಚ್‌ನಲ್ಲಿ ಹೊಸ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ದಾರಿಹೋಕರ ವ್ಯಾಪಾರ ತಗ್ಗಿದೆ ಎಂದು ಮಾಲೀಕರು ಹೇಳಿದರೂ, ಅಂದು ಹೊರಗೆ ಬೆಂಚಿನ ಮೇಲೆ ಕಾಯುವವರು ಬಹಳವಿದ್ದರು.

ಇಲ್ಲಿ ಬಗೆಗಳ ಆಡಂಬರವೇ ಇಲ್ಲ. ರಾಗಿಮುದ್ದೆ, ಕಾಲು ಸೂಪು, ನಾಟಿಕೋಳಿ ಸಾರು, ಕೈಮ ಉಂಡೆ, ಬೋಟಿ ಗೊಜ್ಜು, ಅನ್ನ, ತಿಳಿಸಾರು. ಮುದ್ದೆ ಗಂಟಿಲ್ಲದೆ, ಬೆರಳಿಗೆ ಅಂಟದೆ, ಒಳಗಿನವರೆಗೆ ಬಿಸಿಯಾಗಿತ್ತು. ಬಂದ ಕೂಡಲೇ ಮುರಿದು ಸಾರಿನಲ್ಲಿ ಅದ್ದಿಕೊಳ್ಳುವಂತೆ ಸಾರನ್ನು ಮೊದಲೇ ತಂದಿಟ್ಟಿದ್ದರು. ನಾಟಿಕೋಳಿ ಸಾರಿಗೆ ಹುರಿದ ಮಸಾಲೆಯನ್ನು ಅಂದೇ ರುಬ್ಬಿದ ಘಮಲಿತ್ತು. ಕುರಿಮಾಂಸ ಬಂಡೂರು ತಳಿಯದೆಂದು ಹೇಳಿದರು. ಮಳವಳ್ಳಿ ಸೀಮೆಯ ಆ ತಳಿಯ ಕುರಿಗಳು ಈಗ ವಿರಳವಾಗಿ, ಬೆಲೆ ಏರಿರುವುದರಿಂದ ಎಲ್ಲ ಹೋಟೆಲ್‌ಗಳ ಮಾತನ್ನು ನಂಬುವುದು ಕಷ್ಟ. ಆದರೂ ಕೈಮ ಉಂಡೆ ಮೃದುವಾಗಿದ್ದುದು ನಿಜ. ಬಡಿಸುತ್ತಿದ್ದವರು ಮನೆಯವರೇ. ಮುದ್ದೆ ಮುಗಿಯುವ ಮೊದಲೇ “ಇನ್ನರ್ಧ ಹಾಕ್ಲಾ ಅಣ್ಣ?” ಎಂದು ಕೇಳುತ್ತಿದ್ದರು, ಸಾರಿಗೆ ಲೆಕ್ಕವಿರಲಿಲ್ಲ. ಕೈತೊಳೆಯುವ ಜಾಗ ಮಾತ್ರ ಕೊಳಕಾಗಿತ್ತು, ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಕುಟುಂಬಗಳು ಇಷ್ಟು ಸಂಖ್ಯೆಯಲ್ಲಿ ಬರುವಾಗ ಮಾಲೀಕರು ಮೊದಲು ಸರಿಪಡಿಸಬೇಕಾದದ್ದು ಇದನ್ನು. ಹೊಸತೊಡಕಿಗೆ ಅಲ್ಲಿಗೆ ಹೋಗುವವರು ಹನ್ನೆರಡೂವರೆಗೆ ಮುಂಚೆಯೇ ತಲುಪಬೇಕು. ಆಮೇಲೆ ಹೋದರೆ ಕೋಳಿ ಸಾರು ಸಿಗುತ್ತದೆ, ಬೋಟಿ ಗೊಜ್ಜು ಉಳಿದಿರುವುದಿಲ್ಲ.