ಲಂಡನ್‌ನಿಂದ ಸ್ಟೋನ್‌ಹೆಂಜ್: ಕೋಚ್ ಪ್ಯಾಕೇಜೋ, ರೈಲೋ?

ಊರಿಂದ ಅಪ್ಪ-ಅಮ್ಮ ಬಂದರೆಂದರೆ ಲಂಡನ್ನಿನ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಕೋಚ್ ಪ್ಯಾಕೇಜ್ ಹಿಡಿಯುವುದೋ, ನಾವೇ ರೈಲು ಹತ್ತುವುದೋ? ಎರಡನ್ನೂ ಮಾಡಿ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮೂರು ಊರಿನ ಪ್ಯಾಕೇಜ್ ಬೇಡ.

ಕೋಚಿನ ಅನುಕೂಲ ದೊಡ್ಡದೇ. ಬೆಳಿಗ್ಗೆ ವಿಕ್ಟೋರಿಯಾದಲ್ಲಿ ಹತ್ತಿದರೆ ರಾತ್ರಿ ಲಂಡನ್ನಿಗೆ ತಂದು ಇಳಿಸುತ್ತಾರೆ. ಪ್ಲಾಟ್‌ಫಾರಂ ಹುಡುಕುವುದು, ಮೆಟ್ಟಿಲು ಹತ್ತಿಳಿಯುವುದು ಇಲ್ಲ. ಮಂಡಿನೋವಿನ ಅಮ್ಮನಿಗೆ ಇದೇ ದೊಡ್ಡ ನೆಮ್ಮದಿಯಾಗಿತ್ತು. ದಾರಿಯುದ್ದಕ್ಕೂ ಗೈಡ್ ಚರಿತ್ರೆ ಹೇಳುತ್ತಾ ಬರುತ್ತಾರೆ.

ಕಷ್ಟವೆಲ್ಲ ಸಮಯದ್ದು. ಸ್ಟೋನ್‌ಹೆಂಜ್‌ನಲ್ಲಿ ಬಸ್ಸು ನಿಲ್ಲುವುದು ಸಂದರ್ಶಕರ ಕೇಂದ್ರದ ಬಳಿ. ವೃತ್ತಾಕಾರದಲ್ಲಿ ನಿಲ್ಲಿಸಿದ ಆ ಪ್ರಾಚೀನ ಕಲ್ಲುಗಳು ಅಲ್ಲಿಂದ ಸುಮಾರು 2 ಕಿ.ಮೀ. ಶಟಲ್ ಬಸ್ಸಿಗೆ ಸಾಲು, ಶೌಚಾಲಯಕ್ಕೆ ಸಾಲು, ಕೊಟ್ಟ ಸಮಯದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಪಕ್ಕದ ಎ303 ರಸ್ತೆ ಅಲ್ಲಿ ಕಿರಿದು, ರಜಾದಿನಗಳಲ್ಲಿ ವಾಹನಗಳು ತೆವಳುತ್ತವೆ. ಅದಕ್ಕೆ ಪರಿಹಾರವಾಗಿ ಹಾಕಿಕೊಂಡಿದ್ದ ಸುರಂಗದ ಯೋಜನೆಯನ್ನು 2024ರಲ್ಲಿ ಸರ್ಕಾರ ಕೈಬಿಟ್ಟಿತು. ಮೇಲಾಗಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕರು 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕೆಂಬ ಕಾನೂನಿದೆ. ಹಾಗಾಗಿ ಗೈಡ್ ಅವಸರ ಮಾಡಿದರೆ ಅವರನ್ನು ದೂರುವಂತಿಲ್ಲ. ದಾರಿಯಲ್ಲಿ ತಡವಾದದ್ದನ್ನೆಲ್ಲ ಕೊನೆಯ ಊರಾದ ಬಾತ್‌ನಲ್ಲಿ ಕಡಿತ ಮಾಡುತ್ತಾರೆ.

ಮೂರರಲ್ಲಿ ಹೆಚ್ಚು ಹೊತ್ತು ಬೇಡುವ ಊರೇ ಬಾತ್! ರೋಮನ್ನರ ಸ್ನಾನಗೃಹದಲ್ಲಿ ಸುಮಾರು 46 ಡಿಗ್ರಿಯ ಬಿಸಿನೀರು ಇಂದಿಗೂ ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ಹಸಿರು ಕೊಳದ ಮೇಲೆ ಹಬೆಯಾಡುತ್ತಿರುತ್ತದೆ. ಒಳಗಿನ ಗಾಜಿನ ಪೆಟ್ಟಿಗೆಗಳಲ್ಲಿ ಸೀಸದ ತೆಳು ತಗಡುಗಳಿವೆ. ಬಟ್ಟೆಯನ್ನೋ ಹಣವನ್ನೋ ಕಳೆದುಕೊಂಡವರು ಕಳ್ಳನನ್ನು ದಂಡಿಸೆಂದು ಸುಲಿಸ್ ಮಿನರ್ವಾ ದೇವಿಗೆ ಬರೆದು ನೀರಿಗೆ ಹಾಕಿದ ಶಾಪಗಳು. ವಸ್ತು ಕಳೆದರೆ ದೈವಕ್ಕೆ ಹೇಳಿಕೊಳ್ಳುವ ದಕ್ಷಿಣ ಕನ್ನಡದಲ್ಲಿ ಬೆಳೆದ ಅಮ್ಮನಿಗೆ ಅದನ್ನು ವಿವರಿಸಬೇಕಾಗಲಿಲ್ಲ. ಪ್ರತಿಯೊಂದನ್ನೂ ನನ್ನಿಂದ ಓದಿಸಿ ಕೇಳುತ್ತಿದ್ದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಅದು ನನಗೆ ಇನ್ನೂ ಬೇಜಾರು.

ರೈಲಿನ ದಿನದ ಲೆಕ್ಕವೇ ಬೇರೆ. ವಾಟರ್ಲೂನಿಂದ ಸಾಲ್ಸ್‌ಬರಿಗೆ ಸುಮಾರು ಒಂದೂವರೆ ಗಂಟೆ. ನಿಲ್ದಾಣದ ಹೊರಗೇ ಸ್ಟೋನ್‌ಹೆಂಜ್‌ನ ಪ್ರವಾಸಿ ಬಸ್ಸು ಸಿಗುತ್ತದೆ. ಕಲ್ಲುಗಳ ಸುತ್ತ ನನಗೆ ಬೇಕಾದಷ್ಟು ಸುತ್ತಿದೆ. ಹಗ್ಗದಾಚೆ ನಿಂತೇ ನೋಡಬೇಕು, ಆದರೂ ನಿಧಾನವಾಗಿ ನೋಡಿದರೆ ಅತಿ ಎತ್ತರದ ಕಲ್ಲಿನ ನೆತ್ತಿಯ ಮೇಲೆ ಕಲ್ಲಿನಲ್ಲೇ ಕಡೆದ ಒಂದು ಉಬ್ಬು ಕಾಣುತ್ತದೆ. ಅಡ್ಡಗಲ್ಲಿನ ಅಡಿಯಲ್ಲಿ ಕೊರೆದ ಕುಳಿ ಅದರ ಮೇಲೆ ಕೂರುತ್ತಿತ್ತು. ಮರಗೆಲಸದ ಈ ಜೋಡಣೆಯನ್ನು ಸುಮಾರು 4,500 ವರ್ಷಗಳ ಹಿಂದೆ ಕಲ್ಲಿನಲ್ಲಿ ಮಾಡಿದ್ದಾರೆ! ದೊಡ್ಡ ಕಲ್ಲುಗಳು ಸುಮಾರು 25 ಕಿ.ಮೀ. ದೂರದವು, ಚಿಕ್ಕ ನೀಲಿಗಲ್ಲುಗಳು 200 ಕಿ.ಮೀ.ಗೂ ಆಚೆಯ ವೇಲ್ಸ್‌ನವು. ನಡುವಿನ ಬಲಿಪೀಠದ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯದ್ದೆಂದು 2024ರ ಸಂಶೋಧನೆ ತಿಳಿಸಿತು. ಕೋಚಿನಲ್ಲಿ ಬಂದಾಗ ಆ ಉಬ್ಬು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹಿಂದಿರುಗುವಾಗ ಸಾಲ್ಸ್‌ಬರಿ ಕ್ಯಾಥೆಡ್ರಲ್‌ಗೂ ಹೋಗಿಬಂದೆ. 123 ಮೀಟರ್‌ನ ಶಿಖರ, ಒಳಗೆ 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು.

ಖರ್ಚಿನಲ್ಲಿ ರೈಲೇನೂ ಅಗ್ಗವಲ್ಲ. ಇಬ್ಬರಾದರೆ ಟು ಟುಗೆದರ್ ರೈಲ್‌ಕಾರ್ಡ್ ಮಾಡಿಸಿ, ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ನಂತರವಷ್ಟೇ ನಡೆಯುತ್ತದೆ. ಪ್ಯಾಕೇಜ್‌ನಲ್ಲಿ ಪ್ರವೇಶದ ಟಿಕೆಟ್ ಸೇರಿದೆಯೋ ಇಲ್ಲವೋ ಎಂದು ಮೊದಲೇ ಓದಿಕೊಳ್ಳಿ. ಅಗ್ಗದವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ನಡೆಯಬಲ್ಲವರು ರೈಲು ಹಿಡಿಯಿರಿ. ಹಿರಿಯರಿದ್ದರೆ ಕೋಚೇ ಸರಿ, ಆದರೆ ಸ್ಟೋನ್‌ಹೆಂಜ್ ಮತ್ತು ಬಾತ್ ಎರಡೇ ಇರುವ ಪ್ಯಾಕೇಜ್ ಹುಡುಕಿ. ವಿಂಡ್ಸರ್‌ಗೆ ವಾಟರ್ಲೂನಿಂದ ನೇರ ರೈಲಿದೆ, ಒಂದು ಗಂಟೆಯ ಹಾದಿ. ಇನ್ನೊಂದು ದಿನ ಹೋಗಬಹುದು. ಮಂಗಳವಾರ, ಬುಧವಾರ ಅಲ್ಲಿನ ಕೋಟೆ ಸಾಮಾನ್ಯವಾಗಿ ಮುಚ್ಚಿರುತ್ತದೆ. ರಾಣಿ ಎಲಿಜಬೆತ್ ಅವರ ಸಮಾಧಿ ನೋಡುವ ಆಸೆಯಿದ್ದರೆ ಭಾನುವಾರವನ್ನೂ ಬಿಡಿ, ಅಂದು ಸೇಂಟ್ ಜಾರ್ಜ್ ಚಾಪೆಲ್‌ಗೆ ಪ್ರವಾಸಿಗರನ್ನು ಬಿಡುವುದಿಲ್ಲ.